ಹದಿನಾಲ್ಕು ಸುತ್ತು

ಬೇಡ ಅಂದ್ನಲ್ಲ. ರೇಡಿಯೋಗೆ ಆ ಹಳೇ ಪುಟ್ಟ ಪೆಟ್ಟಿಗೆ ಬೇಡ. ಹೊಸದು ಸುತ್ತಿಕೊಡ್ತೀನಿ, ಒಂದು ಗಂಟೆ ಕೆಲಸ. ನಾಳೆ ಬೆಳಗ್ಗೆ ತಗೊಂಡು ಹೋಗು ಗುಡ್ಡಕ್ಕೆ. ಅದನ್ನ ಇಲ್ಲಿಡು, ಮೇಜಿನ ಮೇಲೆ... ಇಡಮ್ಮ. ಮುಷ್ಟಿ ಯಾಕೆ ಹಾಗೆ ಬಿಗಿ ಹಿಡಿದಿದೀಯ? ನಾನೇನು ಕಿತ್ಕೊಳ್ತೀನಾ?

ಸರಿ. ಇಟ್ಕೋ.

ಕೂತ್ಕೋ ಗುಬ್ಬಿ. ಆ ಸ್ಟೂಲ್ ಬೇಡ, ಕಾಲು ಅಲ್ಲಾಡುತ್ತೆ. ಕುರ್ಚಿ ತಗೋ. ಹ್ಞೂ, ಅದೇ, ನಿಮ್ಮಪ್ಪ ಕೂರ್ತಿದ್ದದ್ದು. ಮೇಲಿರೋ ತಂತಿ ಸುರುಳಿ ಕೆಳಗಿಡು. ಒಂದು ವರ್ಷದಿಂದ ಯಾರೂ ಕೂತಿಲ್ಲ ಅದರಲ್ಲಿ. ಈ ಮಾವನ ಮನೆಗೆ ಬರೋರಾದ್ರೂ ಯಾರು, ಹೇಳು.

ನಿಮ್ಮಪ್ಪ ಗುಡ್ಡದಲ್ಲಿ ಬಿದ್ದು ನಾಳೆಗೆ ವರ್ಷ. ಅಪ್ಪ ಕೂತಿದ್ದ ಬಂಡೆ ಮೇಲೆ ಕೂತು, ಅಪ್ಪನ ರೇಡಿಯೋದಿಂದ, ಹನ್ನೊಂದು ಗಂಟೆಗೆ ಮಾವನ್ನ ಕರೀತೀಯ. ಒಳ್ಳೇದು. ಹ್ಯಾಮ್ ರೇಡಿಯೋ ಪರೀಕ್ಷೆ ಪಾಸ್ ಮಾಡಿದೀಯ, ಲೈಸೆನ್ಸ್ ಬಂದಿದೆ, ಕರಿ. ಯಾರು ಬೇಡ ಅಂದ್ರು? ಆ ಪೆಟ್ಟಿಗೇಲಿ ಬೇಡ, ಅಷ್ಟೇ.

ಯಾಕೆ ಅಂದ್ರೆ... ಬಿದ್ದಿದೆ ಅದು. ನಿಮ್ಮಪ್ಪನ ಜೊತೆ ಬಿದ್ದಿದೆ. ಒಳಗಿರೋ ಉಂಗುರ ಫೆರೈಟ್, ಪಿಂಗಾಣಿ ಇದ್ದ ಹಾಗೆ. ಬಿದ್ರೆ ಬಿರುಕು. ಅದಕ್ಕೇ.

ನೋಡ್ಕೋ ಈಗ. ನಿನಗೂ ಬರಬೇಕು ಈ ಕೆಲಸ. ಇದು ಹೊಸ ಉಂಗುರ. ಒಡವೆ ಅಲ್ಲ, ಬೆರಳಿಗೆ ಹಾಕ್ಬೇಡ! ನಿಮ್ಮಮ್ಮನೂ ಹಾಗೇ, ಕೈಗೆ ಸಿಕ್ಕಿದ್ದೆಲ್ಲ ಹಾಕ್ಕೊಂಡು ನೋಡೋಳು.

ರೇಡಿಯೋ ಐವತ್ತು ಓಮ್ ಕೇಳುತ್ತೆ. ಮೇಲೆ ಕಟ್ಟೋ ಆಂಟೆನಾ ತಂತಿ ತುದಿ ಎರಡೂವರೆ ಸಾವಿರ. ಎರಡಕ್ಕೂ ಆಗಿಬರಲ್ಲ. ಅತ್ತೆ ಸೊಸೆ. ನೇರ ಕೂಡಿಸಿದ್ರೆ ಒಂದರ ಮಾತು ಇನ್ನೊಂದು ಒಳಗೇ ಬಿಟ್ಕೊಳ್ಳಲ್ಲ, ಎಲ್ಲ ವಾಪಸ್. ನಡುವೆ ಒಬ್ಬ ಬೇಕು, ಇಬ್ಬರ ಹತ್ರಾನೂ ಅವರವರ ಭಾಷೇಲಿ ಮಾತಾಡೋನು. ಅವನೇ ಈ ಉಂಗುರ. ಈ ಕಡೆ ಎರಡು ಸುತ್ತು, ಆ ಕಡೆ ಹದಿನಾಲ್ಕು. ಏಳು ಪಟ್ಟು. ಏಳೇಳು ನಲವತ್ತೊಂಬತ್ತು, ಐವತ್ತನ್ನ ಎರಡೂವರೆ ಸಾವಿರಕ್ಕೆ ಏರಿಸೋಕೆ ಅಷ್ಟು ಪಟ್ಟು ಬೇಕು... ಯಾಕೆ ನಗ್ತೀಯ?

ಓ. ಅತ್ತೆ ಸೊಸೆ ಅಂತ ನಿಮ್ಮಪ್ಪನೂ ಹೇಳ್ತಿದ್ರಾ? ಕದ್ದಿದಾರೆ. ಅದು ನನ್ನ ಮಾತು.

ಒಂದು. ಎರಡು. ಈ ಎರಡು ಸುತ್ತು ಜೋಡಿ ತಂತಿ, ಹುರಿ ಹಾಕಿದ್ದು. ಇಲ್ಲಿಂದ ಮುಂದೆ ಒಂಟಿ. ಉಂಗುರದೊಳಗೆ ಒಂದು ಸಲ ತೂರಿದ್ರೆ ಒಂದು ಸುತ್ತು. ಮೂರು. ನಾಲ್ಕು. ಬಿಗಿಯಾಗಿ. ಒಂದರ ಮೇಲೊಂದು ಹತ್ತಬಾರದು.

ಮೊದಲು ನಾನು ಮಾಡ್ತಿದ್ದದ್ದು ದೊಡ್ಡದು, ಊಟದ ಡಬ್ಬಿಯಷ್ಟು. ಭಾವ ಅದನ್ನ ಎತ್ತಿ ನೋಡಿ, "ಇದನ್ನ ಗುಡ್ಡ ಹತ್ತಿಸೋಕೆ ಕತ್ತೆ ಬೇಕಲ್ಲಯ್ಯ, ನೀನೇ ಬಂದ್ಬಿಡು" ಅಂದ್ರು. ಅಕ್ಕನ ಗಂಡ, ಏನಂತ ತಿರುಗಿ ಹೇಳ್ಲಿ? ಬೆಂಕಿಪೊಟ್ಟಣದಷ್ಟು ಮಾಡಿಕೊಡು, ಜೇಬಲ್ಲಿ ಕೂರಬೇಕು ಅಂದ್ರು. ಮಾಡಿದೆ. ಸಣ್ಣ ಪೆಟ್ಟಿಗೆಗೆ ಸಣ್ಣ ಉಂಗುರ. ಸಣ್ಣ ಉಂಗುರಕ್ಕೆ ಸಣ್ಣ ತಂತಿ. ಸಣ್ಣ ತಂತಿಗೆ...

ಐದು. ಆರು.

ಅಕ್ಕ ಹೇಗಿದ್ದಾಳೆ? ಊಟ ಮಾಡ್ತಾಳಾ? ...ಹ್ಞೂ. ಬೈಯೋದು ಇನ್ನೂ ನಿಂತಿಲ್ವಾ?

ಗೊತ್ತು. ನಾನೂ ಕೇಳಿದೀನಲ್ಲ, ಬಾಗಿಲಲ್ಲೇ ನಿಂತು. ಆಸ್ಪತ್ರೆಯವರು ಮಡಚಿ ಕೊಟ್ಟ ಕೋಟು, ಹಾಗೇ ಗೂಟಕ್ಕೆ ಹಾಕಿದಾಳೆ. ದಿನಾ ಬೆಳಗ್ಗೆ ಅದರ ಮುಂದೆ ನಿಂತು ಮಂಗಳಾರತಿ. "ಬ್ಯಾಟರಿ ತುಂಬಿಸ್ಕೊಂಡು ಹೋಗೋಕೆ ನಿಮಗೇನು ಧಾಡಿ ಬಂದಿತ್ತು? ಮೂವತ್ತು ವರ್ಷ ನಿಮ್ಮ ಡಬ್ಬಿಗಳ ಧೂಳು ಒರೆಸಿದೆ, ಒಂದು ದಿನ ಒಂದು ಬ್ಯಾಟರಿ ನೋಡ್ಕೊಳ್ಳೋಕಾಗಲಿಲ್ವಾ?" ಅಂತ. ಕೋಟು ಏನು ಹೇಳುತ್ತೆ ಪಾಪ.

ನಾನೇನು ಮಾಡ್ಲಿ? ಇದ್ದದ್ದು ಹೇಳಿದೆ. ಕಾಲು ಜಾರಿತು, ಸೊಂಟದ ಮೂಳೆ ಮುರೀತು. ಗುಡ್ಡದ ಆಚೆ ಮಗ್ಗುಲಲ್ಲಿ ಫೋನ್ ಸಿಗಲ್ಲ. ರೇಡಿಯೋ ಇತ್ತು, ತೆವಳಿಕೊಂಡು ಅದರ ಹತ್ರ ಬಂದಿದಾರೆ. ಬ್ಯಾಟರಿ ಖಾಲಿ. ನಾವು ಈಚೆ ಮಗ್ಗುಲಲ್ಲಿ ಹುಡುಕ್ತಾ ಇದ್ವಿ. ಮಾರನೇ ದಿನ ಮಧ್ಯಾಹ್ನ ಕುರಿ ಕಾಯೋನು ನೋಡಿದ. ಆಸ್ಪತ್ರೆ ಸೇರೋ ಹೊತ್ತಿಗೆ ಮುಗಿದಿತ್ತು. ಸಾಮಾನೆಲ್ಲ ಕೆಳಗೆ ತಂದವನು ನಾನು. ಬ್ಯಾಟರಿ ನೋಡಿದವನು ನಾನು.

ಏನು ಹಾಗೆ ನೋಡ್ತೀಯ? ಬ್ಯಾಟರಿ ಯಾರಿಗೂ ಖಾಲಿಯಾಗುತ್ತೆ. ಭಾವನಿಗೆ ಮರೆವು. ಮದುವೆ ದಿನ ಉಂಗುರಾನೇ ಮನೇಲಿ ಬಿಟ್ಟು ಬಂದಿದ್ರು, ಕೇಳು ಬೇಕಾದ್ರೆ ನಿಮ್ಮಮ್ಮನ್ನ.

ಎಲ್ಲಿದ್ದೆ? ಏಳು? ...ಹೇಳು, ನೀನು ನೋಡ್ತಿದ್ದೀಯಲ್ಲ. ಏಳೇ ಅಂದ್ಕೋ. ಎಂಟು.

ಸುತ್ತೋದು ದೊಡ್ಡ ವಿಷಯ ಅಲ್ಲ ಗುಬ್ಬಿ. ತುದಿ. ತುದಿ ಮುಖ್ಯ. ನೋಡು ಈ ತಂತಿ. ಕೆಂಪಗೆ ಬರಿ ತಾಮ್ರ ಅನ್ಸುತ್ತೆ. ಅಲ್ಲ. ಮೇಲೆ ಎನಾಮಲ್ ಪದರ ಇದೆ, ಗಾಜಿನ ಹಾಗೆ. ಕಣ್ಣಿಗೆ ಕಾಣಲ್ಲ. ಅದನ್ನ ಬ್ಲೇಡಿನಿಂದ ಸುತ್ತಲೂ ಹೆರೆದು ತೆಗೀಬೇಕು, ತಾಮ್ರ ಗುಲಾಬಿ ಬಣ್ಣಕ್ಕೆ ಬರೋವರೆಗೂ. ಹೆರೆಯದೆ ಬೆಸುಗೆ ಹಾಕಿದ್ರೆ ಬೆಸುಗೆ ಕೂತ ಹಾಗೇ ಕಾಣುತ್ತೆ. ಕೂತಿರಲ್ಲ. ಸುಮ್ನೆ ಅಪ್ಕೊಂಡಿರುತ್ತೆ. ಮೇಜಿನ ಮೇಲೆ ಸರಿಯಾಗಿರುತ್ತೆ. ದಾರೀಲಿ ಎರಡು ಸಲ ಕುಲುಕಿದ್ರೆ, ಬೆಳಗ್ಗೆ ಚಳಿ ಹತ್ತಿದ್ರೆ, ಬಿಡ್ತು ಕೈ.

ಅದಕ್ಕೇ ನನ್ನದೊಂದು ಪದ್ಧತಿ. ಮುಗಿದ ಮೇಲೆ ಒಂದು ಗಂಟೆ ಫ್ರಿಜ್ಜಲ್ಲಿಡೋದು. ಆಮೇಲೆ ಮಂಡಿ ಎತ್ತರದಿಂದ ಮೂರು ಸಲ ನೆಲಕ್ಕೆ ಬಿಡೋದು. ಆಮೇಲೆ ಮೀಟರಿಗೆ ಹಾಕೋದು. ಎಷ್ಟು ವಾಪಸ್ ಬರುತ್ತೆ ಅಂತ ತೋರಿಸುತ್ತೆ ಅದು, ಮುಳ್ಳು ಕೆಳಗೇ ಇರಬೇಕು. ನಲವತ್ತು ವರ್ಷದಲ್ಲಿ ಈ ಮನೆಯಿಂದ ಹಾಗೆ ಮಾಡದೆ ಒಂದು ಪೆಟ್ಟಿಗೇನೂ ಆಚೆ ಹೋಗಿಲ್ಲ.

...ಅದೂ ಅಷ್ಟೇ. ನಿನ್ನ ಕೈಯಲ್ಲಿರೋದನ್ನೂ ಬೀಳಿಸಿ ನೋಡಿದ್ದೆ.

ಏನು? ಮೂರು ಸಲ ಬಿದ್ದೂ ಒಡೆಯದ ಉಂಗುರ ಗುಡ್ಡದಲ್ಲಿ ಹೇಗೆ... ನೀನೇನೂ ಅನ್ನಲಿಲ್ಲ. ಅಂದ ಹಾಗೆ ಕೇಳಿಸ್ತು. ಬಂಡೆ ಬೇರೆ, ಮನೆ ನೆಲ ಬೇರೆ. ಒಂಬತ್ತು.

ಇಲ್ಲಿ, ಆ ಪೆಟ್ಟಿಗೆ ಸ್ವಲ್ಪ ಬೆಳಕಿಗೆ ಹಿಡಿ. ನನ್ನ ಕೈಗೆ ಕೊಡಬೇಡ, ಹಿಡಿ ಸಾಕು... ಸ್ಕ್ರೂ ಹೊಳೀತಿದೆ. ತಲೆ ಉಜ್ಜಿಹೋಗಿದೆ.

ಬಿಚ್ಚಿದ್ಯಾ?

ಯಾವಾಗ? ...ಬೀರುವಿನ ಬೀಗದ ಕೈ ಅಕ್ಕ ಕೊಟ್ಲಾ ನಿನಗೆ? ಅವತ್ತು ಭಾವನ ಚೀಲ ನನ್ನ ಕೈಯಿಂದ ಕಿತ್ಕೊಂಡು ಒಳಗಿಟ್ಟು ಬೀಗ ಜಡಿದೋಳು. ಸಾಮಾನು ಸರಿ ಇದೆಯಾ ನೋಡ್ತೀನಿ ಅಂತ ಎಷ್ಟು ಸಲ ಕೇಳಿದೆ. ಮುಟ್ಟೋಕೆ ಬಿಡಲಿಲ್ಲ.

ಏನು ಕಂಡಿತು ಒಳಗೆ?

ಮಾತಾಡು. ಬಾಯಿಗೆ ಬೀಗ ಹಾಕಿದಾಳಾ ನಿಮ್ಮಮ್ಮ?

ಅದೇನು ನಿನ್ನ ಚೀಲದಿಂದ ತೆಗೀತಿದೀಯ... ಪುಸ್ತಕ. ನೀಲಿ ರಟ್ಟು. ಭಾವನ ಲಾಗ್ ಪುಸ್ತಕ, ಕರೆದದ್ದೆಲ್ಲ ಗಂಟೆ ಹಾಕಿ ಬರೀತಿದ್ದದ್ದು. ಎಲ್ಲಿತ್ತು ಅದು? ಭಾವನ ಚೀಲದಲ್ಲಿರಲಿಲ್ಲವಲ್ಲ! ನಾನು ಗುಡ್ಡದಲ್ಲೇ ಹುಡುಕಿದ್ದೆ, ಬಂಡೆ ಸಂದಿ ಎಲ್ಲ... ಅಂದ್ರೆ, ಸುಮ್ನೆ. ಸಾಮಾನು ಜೋಡಿಸ್ತಾ ನೋಡಿದ್ದೆ.

ಕೋಟಿನ ಜೇಬಲ್ಲಾ?

ಒಳಜೇಬು. ಅಯ್ಯೋ... ವರ್ಷವಿಡೀ ಬೈಸ್ಕೊಂಡು ನೇತಾಡ್ತಿದ್ದ ಕೋಟಲ್ಲಾ?

ನನಗೆ ಕೊಡಬೇಡ. ಕನ್ನಡಕ ಇಲ್ಲ. ...ಹಣೆ ಮೇಲಿದೆ, ಹೌದು. ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ನೀನೇ ಓದು.

ಓದು ಅಂದೆ.

ಓದಲ್ವಾ. ಸರಿ. ಆ ಭೂತಗನ್ನಡಿ ಕೊಡು ಇಲ್ಲಿ.

"ಹನ್ನೊಂದು. ಕರೆದೆ. ಇಲ್ಲ." ಭಾವನ ಅಕ್ಷರ. ನಮ್ಮಪ್ಪ ಇದನ್ನ ಕೋಳಿ ಕೆರೆದ ಹಾಗಿದೆ ಅನ್ನೋರು. "ಹನ್ನೊಂದೂಕಾಲು. ಮೀಟರ್ ಮುಳ್ಳು ಮೇಲೇ ನಿಂತಿದೆ. ಕಾಲು ಎತ್ತೋಕಾಗ್ತಿಲ್ಲ." ಬಿದ್ದ ಮೇಲೆ ಬರೆದದ್ದು. "ಹನ್ನೆರಡು. ತಂತಿ ನೇರ ಚುಚ್ಚಿ ನೋಡಿದೆ. ರೇಡಿಯೋ ಒಪ್ಪಲಿಲ್ಲ." ಒಪ್ಪಲ್ಲ ಭಾವ. ಅತ್ತೆ ಸೊಸೆ. ಒಪ್ಪಲ್ಲ...

"ಎರಡು. ಕರೆದೆ. ಬ್ಯಾಟರಿ ಹನ್ನೆರಡೂವರೆ ವೋಲ್ಟ್."

ಹನ್ನೆರಡೂವರೆ. ಅಂದ್ರೆ ತುಂಬಿದ ಬ್ಯಾಟರಿ.

ಇಲ್ಲಿಗೆ ನಿಲ್ಲಿಸ್ಲಾ?

ನೋಡು, ನೀನು ಹಾಗೆ ಸುಮ್ಮನೆ ಕೂರಬೇಡ. ಬೈದುಬಿಡು. ನಿಮ್ಮಮ್ಮನ ಮಗಳಲ್ವಾ ನೀನು, ಬೈಯೋಕೆ ಬರಲ್ವಾ?

ಗೊತ್ತಿತ್ತು ಗುಬ್ಬಿ. ಅವತ್ತೇ ಗೊತ್ತಿತ್ತು. ಗುಡ್ಡದ ಬುಡದಲ್ಲಿ ವ್ಯಾನಿನ ಹಿಂದೆ ಕೂತು ಬ್ಯಾಟರಿ ನೋಡಿದೆ. ತುಂಬಿತ್ತು. ಪೆಟ್ಟಿಗೆ ಮೀಟರಿಗೆ ಹಾಕಿದೆ, ಮುಳ್ಳು ಮೇಲೆ. ತಟ್ಟಿದೆ, ಮೇಲೇ. ಬಿಚ್ಚೋದು ಬೇಕಿರಲಿಲ್ಲ. ಅಕ್ಕ ಬಂದ್ಲು. "ಯಾಕೋ ಕರೀಲಿಲ್ಲ ಅವರು? ನೀನು ಕೇಳ್ತಾ ಕೂತಿರಲಿಲ್ವಾ?" ಅಂತ ಕೇಳಿದ್ಲು. ಬಾಯಿಗೆ ಬಂದದ್ದು ಬ್ಯಾಟರಿ. ಆಮೇಲೆ... ಆಮೇಲೆ ಅದನ್ನ ವಾಪಸ್ ತಗೊಳ್ಳೋಕೆ ದಿನಾ ಹೋಗ್ತಿದ್ದೆ ನಿಮ್ಮನೆಗೆ. ಬಾಗಿಲವರೆಗೆ ಹೋಗಿ, ಕೋಟಿಗೆ ಬೈಯೋದು ಕೇಳಿ, ವಾಪಸ್.

ಫ್ರಿಜ್ಜಲ್ಲಿಡಲಿಲ್ಲ. ಬೀಳಿಸಲಿಲ್ಲ. ಬೆಸುಗೆ ಆರೋ ಮೊದಲೇ ಭಾವ ಬಾಗಿಲಲ್ಲಿ, ಹೆಗಲಿಗೆ ಚೀಲ. ಹದಿನೈದು ದಿನದಿಂದ ನಾಳೆ ನಾಳೆ ಅಂತ ತಳ್ಳಿದ್ದೆ. ಯಾಕೆ ತಳ್ಳಿದ್ದೆ? ಈ ಕಣ್ಣು. ಎರಡರಲ್ಲೂ ಪೊರೆ. ಡಾಕ್ಟರು ಹೇಳಿ ಆಗಲೇ ಎರಡು ವರ್ಷ. ಆಪರೇಷನ್ನಿಗೆ ಹೆದರಿ ಯಾರಿಗೂ ಹೇಳಲಿಲ್ಲ. ಕಣ್ಣು ಹೋದ ಮೇಲೆ ನಾನು ಯಾವನು? ಈ ಮೇಜು, ಈ ಉಂಗುರ. ಇಷ್ಟೇ ನಾನು. ತುದಿ ಬೆರಳಲ್ಲೇ ಮುಟ್ಟಿ ಹೆರೆದೆ. ಹೆರೆದೆ ಅಂದ್ಕೊಂಡೆ. ಒಂದು ಸಲ ಮೀಟರಿಗೆ ಹಾಕಿದೆ. ಮುಳ್ಳು ಇಳೀತು. ಕೊಟ್ಟೆ. ಭಾವ ಜೇಬಿಗೆ ಹಾಕ್ಕೊಂಡು ತಟ್ಕೊಂಡ್ರು, "ನೋಡಯ್ಯ, ಕತ್ತೆ ಬೇಡವಾಯ್ತು" ಅಂತ.

ಎರಡೇ ಎಳೆ ಹೆರೆಯೋದಿತ್ತು.

ಇನ್ನೂ ಇದೆಯಾ? ಪುಟದ ಹಿಂದೆಯಾ... ಎಲ್ಲಿ, ತಿರುಗಿಸು. ಅಕ್ಷರ ಅಲುಗಿದೆ. ನನ್ನ ಕಣ್ಣಲ್ಲ, ಅಕ್ಷರಾನೇ ಅಲುಗಿದೆ.

"ಸಂಜೆ ಆರು. ಪೆಟ್ಟಿಗೆ ಒಳಗೆ ಬೆಸುಗೆ ಹಿಡಿದಿಲ್ಲ. ತಟ್ಟಿ ನೋಡಿದೆ. ಬಿಚ್ಚೋಣ ಅಂದ್ರೆ ಚಾಕು ಕೆಳಗೆ ಬಿದ್ದಿದೆ, ಕಾಣ್ತಿದೆ, ಕೈಗೆ ಸಿಗಲ್ಲ. ಇದು ಯಾರಿಗಾದರೂ ಸಿಕ್ಕರೆ..." ಏನಿದು... "ಅವನಿಗೆ ಹೇಳಬೇಡಿ. ಕಣ್ಣು ಕಾಣಲ್ಲ ಅವನಿಗೆ. ನನಗೆ ಗೊತ್ತಿತ್ತು."

ಗೊತ್ತಿತ್ತಾ.

ಗೊತ್ತಿದ್ದೂ ತಗೊಂಡು ಹೋದ್ರಾ? ಗೊತ್ತಿದ್ದೂ ಜೇಬು ತಟ್ಕೊಂಡ್ರಾ? ಯಾಕೆ ಭಾವ... ನೀವಾದ್ರೂ ಒಂದು ಸಲ ಬೀಳಿಸಿ ನೋಡಬಾರದಿತ್ತಾ? ನನ್ನ ಮುಂದೆ ಬೇಡ. ಬೀದಿ ತಿರುವಲ್ಲಿ. ಯಾರಿಗೂ ಕಾಣದ ಹಾಗೆ.

ಇಲ್ಲ, ನೀರು ಬೇಡ. ಕೂತ್ಕೋ. ಅಥವಾ... ಕೂರಬೇಡ.

ಅಕ್ಕನಿಗೆ ತೋರಿಸಿದ್ಯಾ ಇದನ್ನ?

ಇಲ್ಲ. ನನಗೆ ಮೊದಲು ತಂದ್ಯಾ. ಬಂದಾಗಿನಿಂದ ಆ ಪೆಟ್ಟಿಗೆ ಮುಷ್ಟೀಲಿ ಇಟ್ಕೊಂಡು, ಈ ಮುದುಕ ಸುಳ್ಳಿನ ಮೇಲೆ ಸುಳ್ಳು ಸುತ್ತೋದನ್ನ ಎಣಿಸ್ತಾ ಕೂತಿದ್ಯಾ. ನಾನೇ ಹೇಳ್ಲಿ ಅಂತ. ಅಪ್ಪ ಹೇಳಬೇಡಿ ಅಂದಿದಾರೆ, ಅದಕ್ಕೆ ನೀನು ಬಾಯೇ ಬಿಡಲಿಲ್ಲ. ಹ್ಞಾ?

ಅಪ್ಪನ ಮಗಳು.

ಈ ಉಂಗುರ ತಗೋ. ಎಷ್ಟು ಸುತ್ತಾಗಿದೆ ನನಗೆ ತಿಳೀದು, ಎಣಿಕೆ ಆಗಲೇ ತಪ್ಪಿದೆ. ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತು, ರಾತ್ರಿಯೊಳಗೆ ಆಗುತ್ತೆ. ತುದಿ ನೀನು ಹೆರೆ. ನಾನು ಮುಟ್ಟಲ್ಲ. ಆಮೇಲೆ ಫ್ರಿಜ್ಜು, ಆಮೇಲೆ ಮೂರು ಸಲ. ಮೂರು ಸಲ, ತಿಳೀತಾ? ನಾಳೆ ಹನ್ನೊಂದಕ್ಕೆ ನಾನಿಲ್ಲಿ ಕೂತಿರ್ತೀನಿ. ಕಿವಿ ಇನ್ನೂ ಚೆನ್ನಾಗಿದೆ.

ಅದಕ್ಕೆ ಮೊದಲು ನಡಿ, ನಿಮ್ಮನೆಗೆ. ನನ್ನ ಚಪ್ಪಲಿ ಎಲ್ಲಿದೆ ನೋಡು. ಬಾಗಿಲವರೆಗೆ ಅಲ್ಲ, ಇವತ್ತು ಒಳಗೆ. ಆ ಕೋಟಿಗೆ ಬೈದದ್ದು ಸಾಕು. ಮೊದಲು ಅದನ್ನ ಗೂಟದಿಂದ ಇಳಿಸ್ತೀನಿ, ಆಮೇಲೆ ಆ ಗೂಟದ ಕೆಳಗೆ ನಾನು ನಿಂತ್ಕೊಳ್ತೀನಿ. ಬೈಲಿ.

ಮೆಟ್ಟಿಲಲ್ಲಿ ಕೈ ಹಿಡ್ಕೋ. ಕಾಣಲ್ಲ ನನಗೆ. ...ಹ್ಞೂ, ಅಂದೆ. ಕಾಣಲ್ಲ.

ಆ ಪೆಟ್ಟಿಗೆ ನನ್ನ ಹತ್ರ ಕೊಡು. ಎಸೆಯೋಕಲ್ಲ. ಅಕ್ಕನ ಕೈಗೆ ನಾನೇ ಕೊಡಬೇಕು.

ಈಗಲಾದ್ರೂ ಮುಷ್ಟಿ ಬಿಡ್ತೀಯಾ?

...ಎಷ್ಟು ಹಗುರ ಇದೆ.