ಬೇರ್ ಮೌಂಟನ್ ಹಾದಿಯ ಕೆಂಪು ಗುರುತುಗಳು

ನಳಿನಾಕ್ಷಿ, ವಯಸ್ಸು 24, ಕನ್ನಡ ಎಂ.ಎ., ಸೀರೆ ಅಂಗಡಿಯಲ್ಲಿ ಕೆಲಸ, ವಾಸ 74ನೇ ಸ್ಟ್ರೀಟ್, ಜ್ಯಾಕ್ಸನ್ ಹೈಟ್ಸ್, ನ್ಯೂಯಾರ್ಕ್. ಇಂಗ್ಲಿಷ್ ಮಾತನಾಡಲು ಸಂಕೋಚವಾಗುವುದರಿಂದ ನಾನು ಕನ್ನಡದಲ್ಲೇ ಬರೆದುಕೊಡಬಹುದೆಂದು ಪಾರ್ಕ್ ಪೊಲೀಸರು ಒಪ್ಪಿದ್ದು, ಈ ಮೂಲಕ ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ ನಾನು, ಎಡಿಸನ್ ಊರಿನಲ್ಲಿರುವ ನನ್ನ ಸೋದರತ್ತೆ ತಾಯಮ್ಮ (61) ಮತ್ತು ಅವರ ಮಗ ಮಹದೇವ ಸ್ನೋ ನೋಡಲು ಕಾರಿನಲ್ಲಿ ಬೇರ್ ಮೌಂಟನ್‌ಗೆ ಬಂದೆವು. ಹೋದ ವರ್ಷ ಅತ್ತೆಯ ಮಂಡಿಗೆ ಆಪರೇಷನ್ ಆಗಿದೆ. ಇನ್ನು ಮೆಟ್ಟಿಲು, ಬೆಟ್ಟ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಕಾಲು ಸರಿಯಾದರೆ ಮೆಟ್ಟಿಲುಮೆಟ್ಟಿಲಿಗೂ ಕುಂಕುಮ ಹಚ್ಚುತ್ತ ಚಾಮುಂಡಿ ಬೆಟ್ಟ ಹತ್ತುವುದಾಗಿ ಅತ್ತೆ ಹರಕೆ ಹೊತ್ತಿದ್ದರು.

ಹತ್ತೂವರೆಗೆ ನಾನೂ ಮಹದೇವನೂ ಕಾಫಿ ತರಲು ಹೊರಟೆವು. ತಾನು ಕಾರಿನಲ್ಲೇ ಬೆಚ್ಚಗಿರುವುದಾಗಿ ಅತ್ತೆ ಹೇಳಿದರು. ಹಿಂದಿರುಗಿದಾಗ ಅವರಿರಲಿಲ್ಲ. ಮಹದೇವನ ಸ್ನೋ ಬೂಟುಗಳೂ ಇರಲಿಲ್ಲ. ಬೆಟ್ಟದ ಬುಡದಲ್ಲಿರುವ ಕೆರೆಯ ಸುತ್ತ ಹುಡುಕಿ ಪೊಲೀಸರಿಗೆ ತಿಳಿಸಿದೆವು. ಅಷ್ಟರಲ್ಲಿ ಬೆಟ್ಟದಿಂದಿಳಿದ ಇಬ್ಬರು, ಹಾದಿಯ ಬಂಡೆಗಳ ಮೇಲೆ ರಕ್ತವಿದೆ ಎಂದರು.

ಅಧಿಕಾರಿಯೊಬ್ಬರು, ಸ್ಟ್ರೆಚರ್ ಹೊತ್ತ ಇಬ್ಬರು ಮತ್ತು ನಾವು ಹತ್ತಿದೆವು. ಮೊದಲ ಬಂಡೆಯ ಕೆಂಪು ಹಿಮದಲ್ಲಿ ಹರಡಿತ್ತು. ಮುಟ್ಟಬಾರದೆಂದು ಅಧಿಕಾರಿ ಹೇಳಿದರು. ಆದರೆ ಗುರುತು ಬಂಡೆಯ ನಡುಮಧ್ಯೆ ಇತ್ತು, ಮುಂದಿನದರಲ್ಲೂ ಹಾಗೆಯೇ. ರಕ್ತ ಅಷ್ಟು ಅಚ್ಚುಕಟ್ಟಾಗಿ ಬೀಳುವುದಿಲ್ಲ. ಅದೇನೆಂದು ಅಧಿಕಾರಿಗೆ ಹೇಳಬೇಕೆಂದರೆ ಇಂಗ್ಲಿಷ್ ಪದ ಬರಲಿಲ್ಲ. ಬೆರಳಿನಿಂದ ಮುಟ್ಟಿ ನನ್ನ ಹಣೆಗೆ ಇಟ್ಟುಕೊಂಡೆ.

ಎಲ್ಲರೂ ನನ್ನನ್ನೇ ನೋಡಿದರು. ಮಹದೇವ, “ಅಯ್ಯೋ, ಅಮ್ಮ ಹರಕೆ ತೀರಿಸ್ತಿದಾಳೆ!” ಎಂದು ಕೂಗಿದ. ಅವನು ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ ಅಧಿಕಾರಿ ನನಗೆ ಮುಂದೆ ನಡೆಯಲು ಹೇಳಿದರು. ಹಿಮದಲ್ಲಿ ಹಾದಿ ಮುಚ್ಚಿಹೋದಲ್ಲೆಲ್ಲ ಮುಂದಿನ ಕುಂಕುಮ ಕಾಣುತ್ತಿತ್ತು.

ಎರಡು ಗಂಟೆಗೆ ತುದಿ ತಲುಪಿದೆವು. ಅತ್ತೆ ಕಲ್ಲಿನ ಗೋಪುರದ ಗೋಡೆಗೆ ಒರಗಿ ಕುಳಿತಿದ್ದರು. ಕುಂಕುಮದ ಡಬ್ಬಿ ಖಾಲಿಯಾಗಿತ್ತು.

“ಯಾಕ್ರೋ ಇಷ್ಟೊತ್ತು? ಮಂಡಿ ನೋವಾ?” ಎಂದರು.

ಇದು ಚಾಮುಂಡಿ ಬೆಟ್ಟವಲ್ಲವೆಂದು ಮಹದೇವ ರೇಗಿದ.

“ಬೆಟ್ಟ ಯಾವುದಾದ್ರೇನೋ? ಕಾಲು ನಂದೇ ತಾನೆ!”

ಸ್ಟ್ರೆಚರ್ ನೋಡಿ, ನಮ್ಮಲ್ಲಿ ಯಾರಿಗೆ ಹುಷಾರಿಲ್ಲವೆಂದು ಕೇಳಿದರು. ಅದು ಖಾಲಿಯಾಗಿಯೇ ಕೆಳಗಿಳಿಯಿತು. ಅತ್ತೆ ಅದರ ಮುಂದೆ ನಡೆದರು.

ಯಾವ ಅಪರಾಧವೂ ನಡೆದಿಲ್ಲ. ಬಂಡೆಗಳ ಮೇಲಿರುವುದು ಕುಂಕುಮ; ಹಿಮ ಕರಗಿದರೆ ಹೋಗುತ್ತದೆ. ತಮ್ಮ ವರದಿಯಲ್ಲಿ ತಾಯಮ್ಮನವರನ್ನು “ಗಾಯಗೊಂಡವರು” ಎಂದು ಬರೆಯಲಾಗಿದೆ. ದಯವಿಟ್ಟು ಅದನ್ನು “ಬೆಟ್ಟ ಹತ್ತಿದವರು” ಎಂದು ತಿದ್ದಬೇಕಾಗಿ ಕೋರುತ್ತೇನೆ.

ಇದರಲ್ಲಿರುವುದೆಲ್ಲ ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಸತ್ಯ. ಓದಿ ನೋಡಿ ಸಹಿ ಮಾಡಿದ್ದೇನೆ.

ಸ್ಥಳ: ಬೇರ್ ಮೌಂಟನ್, ನ್ಯೂಯಾರ್ಕ್
ದಿನಾಂಕ: 13 ಫೆಬ್ರವರಿ 1988
ಸಹಿ: ನಳಿನಾಕ್ಷಿ