ಬಾಳವ್ವನ ಎಂಟು ಅಮಾಸಿ

ಕೂತ್ರೇನು ಎಲ್ಲಾರೂ? ಗ್ವಾಡಿಗಿ ಆನಕೊಂಡವರು ನಿದ್ದಿ ಮಾಡಬಾರದು, ಈಗ ಹೇಳಿಬಿಟ್ಟೇನಿ. ಹೇಳೂದು ನನ್ನ ಕೆಲಸ, ಹೂಂ ಅನ್ನೂದು ನಿಮ್ಮ ಕೆಲಸ. ನಿಮ್ಮ ಹೂಂ ನಿಂತ್ರ ನನ್ನ ಕತೀನೂ ನಿಲ್ತೈತಿ.

ಒಂದು ನಾಡು ಇತ್ತು. ಹೆಸರು ಕೇಳಬ್ಯಾಡ್ರಿ, ನನಗ ಹೇಳಿದಾಕಿಗೂ ಗೊತ್ತಿರಲಿಲ್ಲ. ಆ ನಾಡಿನಾಗ ಒಂದು ಊರು, ಊರ ಮಗ್ಗಲಕ ಒಂದು ಹಳ್ಳ. ಊರಿಗಿ ಗೌಡ ಅಂದ್ರ ಅಡಿವೆಪ್ಪಗೌಡ. ಅವನ ಮನ್ಯಾಗ ಹನ್ನೆರಡು ಎಮ್ಮಿ. ಹನ್ನೆರಡನ್ನೂ ಹಿಂಡಾಕಿ ಒಬ್ಬಾಕಿ, ಬಾಳವ್ವ. ಗಂಡ ತೀರಿಕೊಂಡಿದ್ದ. ಮನ್ಯಾಗ ಆಕಿ ಮತ್ತ ಆಕಿ ಅತ್ತಿ ನಿಂಗವ್ವ, ಇಬ್ಬರ.

ಹನ್ನೆರಡು ಎಮ್ಮಿಗಿ ಒಬ್ಬಾಕಿ ಯಾಕ ಅಂತೀರೇನು? ಎಮ್ಮಿ ಕಟ್ಟಿದವರನ್ನ ಕೇಳ್ರಿ. ಅದು ಕೈ ಗುರ್ತ ಹಿಡೀತೈತಿ. ಗುರ್ತಿಲ್ಲದ ಕೈ ಬಿತ್ತು ಅಂದ್ರ ಹಾಲು ಇಳಸೂದಿಲ್ಲ. ನೀವು ಹಿಂಡಿ ಹಾಕ್ರಿ, ಬೆನ್ನು ಸವರ್ರಿ, ಕಾಲು ಬೀಳ್ರಿ, ಇಳಸೂದಿಲ್ಲ ಅಂದ್ರ ಇಳಸೂದಿಲ್ಲ. ಬಾಳವ್ವನ ಕೈ ಅಂದ್ರ ಹನ್ನೆರಡೂ ಎಮ್ಮಿ ಕಣ್ಣು ಮುಚ್ಚಿ ನಿಲ್ತಿದ್ವು.

ಆಕಿ ಕೂಲಿ ಅಮಾಸಿಗೊಮ್ಮೆ ಅರ್ಧ ಚೀಲ ಜ್ವಾಳ. ಗೌಡನ ಅಂಗಳದಾಗ ಹಗೇವು ಇತ್ತು. ಹಗೇವು ಅಂದ್ರ ನೆಲದಾಗ ತೋಡಿದ ಕಾಳಿನ ಕುಣಿ, ಬಾಯಿಗಿ ಕಲ್ಲು ಮುಚ್ಚಿ ಮ್ಯಾಲ ಮಣ್ಣು ಮೆತ್ತತಾರ. ಊರಾಗ ಮತ್ತ ಯಾರಿಗೂ ಹಗೇವು ಇರಲಿಲ್ಲ. ಅಮಾಸಿ ದಿನ ಅದನ್ನ ತಗದು ಆಳಿಗಿಷ್ಟು ಅಳದು ಕೊಡೂದು ಅವರಪ್ಪನ ಕಾಲದಿಂದ ಬಂದ ಪದ್ಧತಿ.

ಒಂದು ಅಮಾಸಿಗಿ ಗೌಡ ಹಗೇವು ತಗೀಲಿಲ್ಲ.

"ಮಳಿ ಹಿಡದೈತಿ ಬಾಳವ್ವ, ಈಗ ಬಾಯಿ ತಗದ್ರ ಕಾಳು ಮುಗ್ಗತೈತಿ. ಮುಂದಿನ ಅಮಾಸಿಗಿ ಎರಡೂ ಕೂಡಿ ಒಯ್ಯಿ," ಅಂದ. ಆಕಿ ಹೂಂ ಅಂದ್ಲು.

ಎರಡನೇ ಅಮಾಸಿ ಬಂತು. "ಏನ ಹೇಳ್ಲಿ ಬಾಳವ್ವ, ಹಗೇವಿನಾಗ ನೀರು ಹೊಕ್ಕೈತಿ. ಅರ್ಧ ಜ್ವಾಳ ಕೊಳತು ಗೊಬ್ಬರ ಆಗೇತಿ," ಅಂದ. ಆಕಿ ಅಯ್ಯೋ ಪಾಪ ಅಂದ್ಲು.

ಮೂರನೇ ಅಮಾಸಿ ಬಂತು. "ಉಳದರ್ಧ ಅರಸರ ಮಂದಿ ಬಂದು ಬಳಕೊಂಡು ಹ್ವಾದ್ರು. ಹಗೇವು ಖಾಲಿ. ನಂಬಿಕಿ ಇಲ್ಲದಿದ್ರ ಇಳದು ನೋಡು ಬಾ," ಅಂದ. ಈಗ ಹೇಳ್ರಿ, ಉಪ್ಪು ಉಂಡ ಮನಿ ಗೌಡಗ, ಇಳದು ನೋಡ್ತೇನಿ ತಡೀರಿ ಅನ್ನಾಕಿ ಯಾರು? ಆಕಿ ಸೆರಗು ಬಾಯಿಗಿ ಹಿಡಕೊಂಡು ಮನಿಗಿ ಬಂದ್ಲು.

ಮುಂದಿನ ಅಮಾಸಿಗಳಿಗಿ ಅವಗ ನೆವಾ ಹೇಳೂ ಕೆಲಸಾನೂ ಇರಲಿಲ್ಲ. ಹರಕ ಧೋತರ ಉಟ್ಟು ಪಡಸಾಲ್ಯಾಗ ಕೂಡತಿದ್ದ. ಬಾಳವ್ವ ಹಾಲಿನ ಗಡಗಿ ಹೊತ್ತು ಬರೂ ಹೊತ್ತಿಗಿ ಸರಿಯಾಗಿ ತೆಳ್ಳನ ಅಂಬಲಿ ಕುಡೀತಿದ್ದ. ಕುಡದು ಒಂದು ಉಸುರು ಬಿಡತಿದ್ದ. ಅಷ್ಟ. ಅದನ್ನ ನೋಡಲಾರದ ಬಾಳವ್ವ ಒಂದಿನ ತನ್ನ ಬುತ್ತಿಯೊಳಗಿನ ಎರಡು ರೊಟ್ಟಿ ತಗದು, "ಬಿಸಿ ಅದಾವ್ರಿ ಗೌಡ್ರ, ಒಂದ ತುತ್ತು ತಿನ್ರಿ," ಅಂತ ಕೊಟ್ಲು. ಅಂವ ತಿಂದ. ಹೌದ್ರಿ, ತಿಂದ! ಆಕಿ ಕೂಲಿ ಕೊಡದ ಆಕಿ ರೊಟ್ಟೀನೂ ತಿಂದ.

ಮನ್ಯಾಗ ಅತ್ತಿ ನಿಂಗವ್ವ ಸುಮ್ಮನ ಕೂಡೂ ಮುದುಕಿ ಅಲ್ಲ.

"ಹನ್ನೆರಡು ಎಮ್ಮಿ ಹೈನ ಎಲ್ಲಿ ಹೊಕ್ಕೈತೇ ಹುಚ್ಚಿ? ತುಪ್ಪ ಎಲ್ಲಿ ಹೊಂಟೈತಿ?"

"ಸಾಲಕ್ಕ ಕಟ್ಟತಾರಂತವ್ವ."

"ಯಾರ ಸಾಲ?"

"ಅದೇನೋ, ನನಗ್ಯಾಕ ಹೇಳ್ತಾರ ಅವರು?"

"ಹೇಳೂದಿಲ್ಲ, ಹೇಳೂದಿಲ್ಲ. ನಿನ್ನಂಥಾಕಿ ಸಿಕ್ಕಮ್ಯಾಲ ಯಾಕ ಹೇಳ್ತಾರ?" ಅಂತ ಮುದುಕಿ ಕುಳ್ಳು ತಟ್ಟಾಕ ಹೋಗತಿತ್ತು. ಆ ಕುಳ್ಳು ಮಾರೇ ಮನಿ ನಡೀತಿತ್ತು. ಹಿಂಗ ಎಂಟು ಅಮಾಸಿ ಆದ್ವು. ಮನ್ಯಾಗಿನ ಜ್ವಾಳದ ಗಡಗಿಯೊಳಗ ಕೈ ಹಾಕಿದ್ರ ತಳಾನ ಮೊದಲ ಸಿಗಾಕ ಹತ್ತಿತ್ತು.

ಆವಾಗ ಹಳ್ಳದ ಆಚಿ ಊರಿಂದ ಗೌರಕ್ಕ ಹೇಳಿ ಕಳಿಸಿದ್ಲು. ಗೌರಕ್ಕ ತುಪ್ಪದ ವ್ಯಾಪಾರದಾಕಿ, ನೇರ ಮಾತಿನ ಹೆಂಗಸು. "ನನ್ನ ಹಂತ್ಯಾಕ ಐದು ಎಮ್ಮಿ ಅದಾವು. ಬಂದ್ರ ಕಾಲು ಚೀಲ ಕೊಡ್ತೇನಿ, ಅರ್ಧ ಆಗೂದಿಲ್ಲ. ಆದ್ರ ಅಮಾಸಿಗಿ ಅಮಾಸಿ ತಪ್ಪೂದಿಲ್ಲ. ಇರಾಕ ಒಂದು ಖೋಲಿ ಐತಿ, ಅತ್ತೀನ ಕರಕೊಂಡು ಬಾ. ಸಂತಿ ಮಟ ನೋಡ್ತೇನಿ, ಆಮ್ಯಾಲ ಬ್ಯಾರೇದಾಕೀನ ಇಟಗೋತೇನಿ."

ಸಂತಿಗಿ ನಾಕ ದಿನ ಇತ್ತು.

ಬಾಳವ್ವಗ ನಿದ್ದಿ ಇಲ್ಲ, ರೊಟ್ಟಿ ಹಂಚಿನ ಮ್ಯಾಲ ಹೊತ್ತಿದ್ದೂ ಗೊತ್ತಾಗಲಿಲ್ಲ. ಯಾಕ ಅಂತೀರಿ? ಆ ಊರಾಗ ಒಂದು ರಿವಾಜು ಇತ್ತು. ಧಣಿ ಬಿಡಿಸಿದ್ರ ಹಿಂದಿನ ಕೂಲಿ ಕೊಡಬೇಕು. ಆಳು ತಾನಾಗೇ ಬಿಟ್ಟು ಹ್ವಾದ್ರ ಹಿಂದಿನದಕ್ಕ ಕೈ ಮುಗಿಯೂದ. ಎಂಟು ಅಮಾಸಿ ಅಂದ್ರ ನಾಕ ಚೀಲ ಜ್ವಾಳ. ಅತ್ತಿ ಸೊಸಿ ಕೂತು ವರ್ಷದ ಮ್ಯಾಲ ಉಣಬೇಕು. ಬಿಟ್ಟು ಹ್ವಾದ್ರ ಅದು ಹ್ವಾತು. ಇದ್ರ ಬರ್ತೈತೇನು? ಅದೂ ಗೊತ್ತಿಲ್ಲ.

ಆದ್ರ ಖರೇ ಹೇಳಬೇಕಂದ್ರ ಆಕೀನ ಕಟ್ಟಿ ಹಾಕಿದ್ದು ಜ್ವಾಳ ಅಲ್ಲ. ಗೌಡನ ಆ ಅಂಬಲಿ. ಇದ್ದಾಗ ಉಂಡು, ಇಲ್ಲದಾಗ ಬಿಟ್ಟು ಹ್ವಾದ್ಲು ಅಂತ ಅನ್ನಿಸಿಕೊಳ್ಳಾಕ ಆಕಿ ಜೀವ ಒಪ್ಪಲಿಲ್ಲ.

ಒಂದ ಸಲ ನೇರ ಕೇಳಿಬಿಡೂಣು ಅಂತ ಹ್ವಾದ್ಲು. "ಗೌಡ್ರ, ನಿಮ್ಮ ಕಡೆ ಕೊಡಾಕ ಏನಾರ ಐತೇನ್ರಿ? ಇಲ್ಲ ಅಂದ್ರ ಇಲ್ಲ ಅನ್ರಿ. ನಾ ಸಿಟ್ಟಾಗೂದಿಲ್ಲ."

ಗೌಡ ಹಣಿ ಹಣಿ ಬಡಕೊಂಡ. "ಒಂದು ಕಾಳು ಇಲ್ಲ ತಾಯಿ. ಎತ್ತು ಹೊಡಿಯಾಂವ ಬಿಟ್ಟ, ಕಸಾ ಬಳಿಯಾಕಿ ಬಿಟ್ಲು. ನೀನೂ ಹೋಗು. ನನ್ನ ಹಣ್ಯಾಗ ಬರದದ್ದು ನಾ ಉಣ್ತೇನಿ. ಎಮ್ಮಿ ಕಟಕರಿಗಿ ಹೊಡದು ಬಿಡ್ತೇನಿ." ಅಂದವನ ಕಣ್ಣಾಗ ನೀರು ತಂದ.

ಅಷ್ಟಾದ ಮ್ಯಾಲ ಬಾಳವ್ವ ಏನ ಮಾಡ್ಯಾಳು? ಹೇಳ್ರಿ ನೋಡೂಣು. ಬಿಟ್ಟಾಳೇನು? ನೀವು ಆಗಿದ್ರ ಬಿಡತಿದ್ರಿ, ನಾನೂ ಬಿಡತಿದ್ದೆ. ಆಕಿ ಬಿಡಲಿಲ್ಲ. ಮನಿಗಿ ಬಂದು, "ಅವ್ವ, ನಾ ಇಲ್ಲೇ ಇರ್ತೇನಿ. ಆ ಮನಶ್ಯಾಗ ಕೈಗಾಗೂವರು ಯಾರೂ ಇಲ್ಲ," ಅಂದ್ಲು.

"ನನಗ ಯಾರದಾರ?" ಅಂದ್ಲು ನಿಂಗವ್ವ.

ಸಂತಿ ಹಿಂದಿನ ದಿನ ಮುಂಜಾನಿ ಹನ್ನೆರಡೂ ಎಮ್ಮಿ ಹಿಂಡಿ, ಬಾಳವ್ವ ಹಳ್ಳ ದಾಟಿ ಹೊಂಟ್ಲು. ಗೌರಕ್ಕ ದಾರಿ ಕಾಯ್ತಿರ್ತಾಳ, ಬರೂದಿಲ್ಲ ಅಂತ ಮಾರಿ ನೋಡಿ ಹೇಳಬೇಕು, ಅದು ಮರ್ಯಾದಿ ಅಂತ ಆಕಿ ಲೆಕ್ಕ. ಸಂಜಿ ಹಿಂಡೂ ಹೊತ್ತಿಗಿ ತಿರುಗಿ ಬರೂದು.

ಹ್ವಾದ್ಲು, ಹೇಳಿದ್ಲು. ಗೌರಕ್ಕ, "ನಿನ್ನ ಜೀವ, ನಿನ್ನ ಇಷ್ಟ," ಅಂದು ಮಜ್ಜಿಗಿ ಕೊಟ್ಲು. ಮಜ್ಜಿಗಿ ಕುಡಿಯೂದರಾಗ ಮ್ಯಾಲಿನ ಸೀಮ್ಯಾಗ ಮಳಿ ಸುರದು ಹಳ್ಳ ಬಂತು. ಎಂಥಾ ಹಳ್ಳ! ಕೆಂಪು ನೀರು, ಎದಿ ಮಟ. ಆ ದಿನ ಇಳೀಲಿಲ್ಲ. ಮರುದಿನ ಇಳೀಲಿಲ್ಲ. ಬಾಳವ್ವ ದಂಡಿಗಿ ಹೋಗೂದು, ನೋಡೂದು, ಬರೂದು. "ಎಮ್ಮಿ ಕೆಚ್ಚಲ ಬಿಗದು ಒದ್ದಾಡತಿರಬೇಕು, ಗೌಡ್ರು ಏನ ಮಾಡ್ತಾರೋ," ಅಂತ ಕೈ ಕೈ ಹಿಚಕೊಳ್ಳೂದು.

ಈಚಿ ಗೌಡನ ಮನಿ ಕಡೆ ಬರೂಣು. ಅಲ್ಲಿ ತಮಾಷಿ ನಡದಿತ್ತು.

ಮೊದಲನೇ ಸಂಜಿ ಗೌಡನ ಹೆಂಡತಿ ಹಿಂಡಾಕ ಕೂತ್ಲು. ಎಮ್ಮಿ ಹಾಲು ಮ್ಯಾಲ ಏರಿಸಿ ಬಿಟ್ಟು ಬಾಲದಿಂದ ಮಾರಿಗಿ ಬಡೀತು. ಎರಡನೇ ದಿನ ಗೌಡ ಕುರಿ ಕಾಯಾಂವನ್ನ ಕರಸಿದ. ಎಮ್ಮಿ ಚರಿಗಿ ಒದ್ದು ಅವನ್ನೂ ಒದೀತು. ಮೂರನೇ ಮುಂಜಾನಿ ಗೌಡ ನಿಂಗವ್ವನ ಬಾಗಲಕ್ಕ ಬಂದ.

"ಬಾಳವ್ವಂದು ಒಂದು ಹಳೇ ಸೀರಿ ಕೊಡು ಮುದುಕಿ."

"ಯಾತಕ್ಕ?"

"ಉಟಗೊಂಡು ಹಿಂಡ್ತೇನಿ. ವಾಸನಿಗಿ ಮೋಸ ಹೋಗಿ ಇಳಸಿದ್ರೂ ಇಳಸೀತು."

ನಗಬ್ಯಾಡ್ರಿ, ಎಮ್ಮಿ ಮಂದಿ ಇದನ್ನ ಮಾಡ್ತಾರ. ನಿಂಗವ್ವ ಸೀರಿ ಕೊಟ್ಲು. ಊರ ಗೌಡ ಮೀಸಿ ಮ್ಯಾಲ ಸೆರಗು ಹೊತಗೊಂಡು ಕೂತ. ಎಮ್ಮಿ ಒಮ್ಮೆ ಮೂಸಿ ನೋಡ್ತು, ಗೌಡನ್ನ ಸಗಣ್ಯಾಗ ಕೆಡವಿತು. ಅಂವ ಹಂಗ ಎದ್ದು ಸೀರಿ ಸಮೇತ ಮತ್ತ ನಿಂಗವ್ವನ ಬಾಗಲಕ್ಕ ಓಡಿ ಬಂದ.

"ಎಲ್ಲಿ ಹೋಗ್ಯಾಳ ನಿನ್ನ ಸೊಸಿ?"

"ಹಳ್ಳದ ಆಚಿ. ಗೌರಕ್ಕ ಕೆಲಸಕ್ಕ ಕರದಿದ್ಲು, ಅಲ್ಲಿಗಿ," ಅಂದ್ಲು ನಿಂಗವ್ವ.

ಬರೂದಿಲ್ಲ ಅಂತ ಹೇಳಾಕ ಹೋಗ್ಯಾಳ ಅಂದ್ಲೇನು? ಅನ್ನಲಿಲ್ಲ. ಮರತಿದ್ಲೋ, ಬೇಕಂತ ಬಿಟ್ಲೋ, ಆ ಮುದುಕೀನ ಕೇಳಬೇಕು. ಆಕಿ ಸುಳ್ಳಂತೂ ಹೇಳಲಿಲ್ಲ.

ಗೌಡ ಆಕಿ ಬಿಟ್ಟೇ ಹ್ವಾದ್ಲು ಅಂತ ತಿಳಕೊಂಡ.

ಆ ಹೊತ್ತಿಗಿ ಹಳ್ಳ ಮೊಣಕಾಲಿಗಿ ಇಳದಿತ್ತು. ಬಾಳವ್ವ ಗೌರಕ್ಕಗ ಬರ್ತೇನಿ ಅಂದು, ಸೀರಿ ಎತ್ತಿ ಕಟ್ಟಿ, ಅಂಗಳದಾಗ ನಿಂತಿದ್ಲು. ಇನ್ನ ಒಂದು ಗಳಿಗಿ ತಡದಿದ್ರ ಆಕಿ ತಾನ ಓಡಿ ಬಂದು, ಬಿಟ್ಟಿಯಾಗಿ, ಜೀವ ಇರೂ ತನಕ ಹಿಂಡತಿದ್ಲು. ಅಷ್ಟರಾಗ ಗೌಡನ ಚಕ್ಕಡಿ ಬಂದು ನಿಂತಿತು. ಚಕ್ಕಡ್ಯಾಗ ಎರಡು ತುಂಬಿದ ಚೀಲ.

"ತಗೋ ಬಾಳವ್ವ, ಎರಡು ಚೀಲ! ಉಳದ ಎರಡು ಚೀಲ ಮುಂದಿನ ಅಮಾಸಿಗಿ. ಏರು, ಚಕ್ಕಡಿ ಏರು. ಎಮ್ಮಿ ಸಾಯಾಕ ಹತ್ಯಾವು."

ಬಾಳವ್ವಗ ಕಣ್ಣು ತುಂಬಿ ಬಂತು. "ಇದೆಲ್ಲಿಂದ ತಂದ್ರಿ ಗೌಡ್ರ? ಯಾರ ಕಾಲು ಹಿಡಿದ್ರಿ ನನ್ನ ಸಲುವಾಗಿ?"

"ಅಳಿಯನ ಊರಿಂದ. ಕಾಡಿ ಬೇಡಿ ಕಡಾ ತಂದೇನಿ. ಎರಡು ದಿನದ ದಾರಿ. ನಿನ್ನೆ ಮೊನ್ನೆ ಚಕ್ಕಡ್ಯಾಗ ಮಲಗಿ ಬಂದೇನಿ ನೋಡು."

ಪಾಪ ಅಂತ ಆಕಿ ಚೀಲದ ಬಾಯಿ ಬಿಚ್ಚಿ, ಕಾಳು ಕಣ್ಣಿಗಿ ಒತ್ತಿಕೊಳ್ಳಾಕ ಅಂತ ಕೈ ಹಾಕಿದ್ಲು. ಕೈ ಅಲ್ಲೇ ನಿಂತಿತು.

ಜ್ವಾಳ ಬೆಚ್ಚಗಿತ್ತು.

ನೀವು ಹಗೇವು ತಗದವರು, ನಿಮಗ ಬಿಡಿಸಿ ಹೇಳಬೇಕೇನು? ನೆಲದಾಗಿನ ಕಾಳು ಆಗಷ್ಟ ತಗದಾಗ ಮೈ ಬೆಚ್ಚಗ ಇರ್ತೈತಿ. ಗಾಳಿಗಿ ಬಂದು ಹೊತ್ತು ಮುಳುಗೂದರಾಗ ತಣ್ಣಗ ಆಗತೈತಿ. ಎರಡು ದಿನದ ದಾರಿ ಬಂದ ಜ್ವಾಳ ಬೆಚ್ಚಗ ಇರೂದಿಲ್ಲ. ಬಾಳವ್ವ ಒಂದು ಮುಟಿಗಿ ತಗದು ಮೂಸಿದ್ಲು. ಅದ ಹಗೇವಿನ ಘಾಟು, ಅದ ಅಂಗಳದ ಮಣ್ಣು. ಕೊಳತಿದ್ದು ಒಂದು ಕಾಳಿಲ್ಲ, ನೀರು ತಾಗಿದ್ದು ಒಂದು ಕಾಳಿಲ್ಲ. ಎಲ್ಲಾ ಮುತ್ತಿನಂಥ ಕಾಳು.

ಆಕಿಗಿ ಸಿಟ್ಟು ಬಂತು. ಜ್ವಾಳ ಕೊಡಲಿಲ್ಲ ಅಂತಲ್ಲ. ಅಂವಗಾಗಿ ಅತ್ತಿದ್ಲಲ್ಲ, ಅದಕ್ಕ. ಅಳಸಿ ನೋಡಿದನಲ್ಲ, ಅದಕ್ಕ.

ಆಕಿ ಒಂದು ಚೀಲ ಎಳದು ಕೆಳಗ ಇಳಿಸಿದ್ಲು. ಎರಡನೇದು ಎಳದು ಇಳಿಸಿದ್ಲು. ಗೌರಕ್ಕನ ಕಡೆ ತಿರುಗಿ, "ಅಕ್ಕ, ಮೊನ್ನೆ ಬರೂದಿಲ್ಲ ಅಂದಿದ್ದೆ. ಆ ಮಾತು ಹಿಂದಕ್ಕ ತಗೋತೇನಿ. ಜಾಗ ಇನ್ನೂ ಐತೇನು?" ಅಂದ್ಲು.

"ಹಳ್ಳ ಇತ್ತಲ್ಲವ್ವ, ಬ್ಯಾರೇದಾಕಿ ಹೆಂಗ ಬಂದಾಳು? ಐತಿ," ಅಂದ್ಲು ಗೌರಕ್ಕ.

ಗೌಡ ಚಕ್ಕಡಿಯಿಂದ ಹಾರಿ ಬಂದ. "ಏ ಹುಚ್ಚಿ! ಕೊಡದಿದ್ದಾಗ ಎಂಟು ತಿಂಗಳು ಇದ್ದಿ. ಕೊಟ್ಟ ದಿನ ಬಿಡ್ತೀಯೇನು? ನಿನ್ನ ತಲಿ ನೆಟ್ಟಗೈತೋ ಇಲ್ಲೋ? ಉಳದ ಎರಡು ಚೀಲ ಹೋಗ್ತಾವು ನೋಡು!"

"ಹೋಗ್ಲಿ ಬಿಡ್ರಿ," ಅಂದ್ಲು ಬಾಳವ್ವ. "ನಿಮ್ಮ ಹಂತ್ಯಾಕ ಇಲ್ಲ ಅಂತ ಇದ್ದೆ, ಗೌಡ್ರ. ಐತಿ ಅಂತ ಈಗ ಗೊತ್ತಾತು."

ಗೌಡ ಚಕ್ಕಡಿ ಏರಿ ಎತ್ತಿನ ಹಗ್ಗ ಜಗ್ಗಿದ.

ಚಕ್ಕಡಿ ಖಾಲಿ ತಿರುಗಿತು. ಬಾಳವ್ವ ಅದರ ಹಿಂದಿಂದ ಹಳ್ಳ ದಾಟಿ ಅತ್ತೀನ ಕರಕೊಂಡು ಬರಾಕ ಹೊಂಟ್ಲು, ಚಕ್ಕಡಿ ಏರಲಿಲ್ಲ, ನಡಕೊಂತ ಹ್ವಾದ್ಲು.

ಆಕಿ ಜ್ವಾಳ ಆಕಿ ಉಂಡ್ಲು, ನಮ್ಮ ಪಾಲಿನ ಕತಿ ನಾವು ಉಂಡ್ವಿ. ಹೂಂ ಅಂದವರ ಮನ್ಯಾಗ ಹಾಲು ಇಳೀಲಿ, ಅನ್ನದವರ ಎಮ್ಮಿ ಒದೀಲಿ. ಏಳ್ರಿ, ಚಾಪಿ ಸುತ್ರಿ.