ಛತ್ರಿಯವನು ಐದೂ ನಲವತ್ತಕ್ಕೆ ಕಂಬದ ಕೆಳಗೆ ನಿಂತ ಕಾರಣ

ಹೆಸರು ಮೇಲೆ ಬರೆದುಕೊಂಡಾಗಿದೆ. ಬೀದಿಯಲ್ಲಿ ಛತ್ರಿ ಎಂದರೆ ಸಾಕು. ವಯಸ್ಸು 58. ಕಸುಬು ಛತ್ರಿ, ಚೀಲ, ಜಿಪ್ ರಿಪೇರಿ. ವಾಸ ಅಂಗಡಿಯ ಹಿಂದಿನ ಕೋಣೆ. ಆ ಹೆಸರು ಕಸುಬಿನಿಂದ ಬಂದದ್ದು, ಬುದ್ಧಿಯಿಂದಲ್ಲ ಎಂಬುದನ್ನೂ ಬರೆದುಕೊಳ್ಳಬೇಕು.

ಕೇಳಿದ್ದಕ್ಕೆ ತಿಳಿಸುವುದೇನೆಂದರೆ, ಈ ವ್ಯವಹಾರದಲ್ಲಿ ಇದುವರೆಗೆ ನನ್ನ ಕೈಬಿಟ್ಟದ್ದು ಒಂದು ಹಕ್ಕಿ, ಹನ್ನೊಂದು ಸಂಜೆ, ಒಂದು ಸ್ಪರ್ಧೆ, ಮತ್ತು ಇವತ್ತು ಪೊಲೀಸ್ ಜೀಪು ಹತ್ತುವಾಗ ಹೋದ ಮಾನ.

ಹಕ್ಕಿ ಎಂದರೆ ರಿಮೋಟಿನ ಮಾತು ಕೇಳಿ ರೆಕ್ಕೆ ಬಡಿದು ಹಾರುವ ಯಂತ್ರ. ಛತ್ರಿಯ ಬಟ್ಟೆ, ಫೈಬರ್ ಕಡ್ಡಿ, ರೆಕ್ಕೆಗೊಂದರಂತೆ ಎರಡು ಮೋಟಾರು ಸೇರಿಸಿ ನಾನೇ ಮಾಡಿದ್ದು. ಕ್ಯಾಮೆರಾ ಇಲ್ಲ. ಇಂಥ ಹುಚ್ಚಿನವರು ನಾವು ಆರು ಜನ ಭಾನುವಾರ ಮೈದಾನದಲ್ಲಿ ಸೇರುತ್ತೇವೆ.

ಕಳೆದ ತಿಂಗಳು 28ನೇ ತಾರೀಕು, ಭಾನುವಾರ, ಸಂಜೆ 5.25ಕ್ಕೆ ಹಕ್ಕಿ ಬಿಟ್ಟೆ. ಏಳು ಕಾಗೆಗಳು ಬೆನ್ನು ಹತ್ತಿದವು. ಹಕ್ಕಿ ಹೆದರಿತೋ ನಾನು ಹೆದರಿದೆನೋ, ಅದು ಮೈದಾನದ ಗೋಡೆ ದಾಟಿ ಹಿಂದಿನ ಬೀದಿಯ ಮನೆಯೊಂದರ ಮಹಡಿ ಕಿಟಕಿಗೆ ಬಡಿದು ಹೊರಗಿನ ಕಟ್ಟೆಯ ಮೇಲೆ ಬಿತ್ತು. 5.40ಕ್ಕೆ ನಾನು ಕೆಳಗಿನ ದೀಪದ ಕಂಬ ತಲುಪಿದೆ. ಕಿಟಕಿಗೆ ಅಲ್ಲಿಂದ ಹದಿನಾಲ್ಕು ಮೀಟರ್. ಜೀವ ಇದೆಯೋ ನೋಡೋಣ ಎಂದು ರಿಮೋಟಿನ ಕಡ್ಡಿ ದೂಡಿದೆ. ಬಲರೆಕ್ಕೆ ಎದ್ದಿತು. ಎಡರೆಕ್ಕೆ ಬೆರಳುದ್ದ ಎದ್ದು ಬಿತ್ತು, ರೆಕ್ಕೆಯ ಕಡ್ಡಿ ಮುರಿದಿತ್ತು.

ಒಳಗೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಇದ್ದರು. ಅಯ್ಯೋ, ನಿನಗೂ ಎಡಗಡೆಯೇ ಹೋಯಿತಾ ಎಂದು ಅವರು ಹಕ್ಕಿಯನ್ನು ಕೇಳಿದ್ದು ನನಗೆ ಕೆಳಗೆ ಕೇಳಿಸಿತು.

5.50ಕ್ಕೆ ಅವರ ಮಗಳು ಇಳಿದು ಬಂದರು. ಅಣ್ಣಾ, ನಿಮ್ಮದೆಂದು ಗೊತ್ತು, ದಯವಿಟ್ಟು ಈಗಲೇ ಕೇಳಬೇಡಿ ಎಂದರು. ಅಮ್ಮನಿಗೆ ಲಕ್ವ ಹೊಡೆದು ಐದು ತಿಂಗಳಾಯಿತು, ಕಣ್ಣಿಗೆ ಪೊರೆ ಬೇರೆ, ಅದನ್ನು ನಿಜವಾದ ಹಕ್ಕಿ ಎಂದೇ ತಿಳಿದಿದ್ದಾರೆ ಎಂದರು. ವ್ಯಾಯಾಮ ಮಾಡಿಸಲು ಬಂದವರನ್ನು, ನನ್ನ ಕೈ ನನ್ನ ಮಾತೇ ಕೇಳಲ್ಲ, ನಿಮ್ಮ ಮಾತು ಕೇಳತ್ತಾ ಎಂದು ಬೈದು ಓಡಿಸಿದ್ದರಂತೆ. ಆ ಅಜ್ಜಿ ಈಗ ಹಕ್ಕಿಗೆ ತೋರಿಸಿಕೊಡಲು ತಾವೇ ಎಡಗೈ ಎತ್ತಲು ನೋಡಿದರು ಎಂದು ಹೇಳಿ ಆಕೆ ಅತ್ತರು.

30ನೇ ತಾರೀಕು ಮಗಳು ಡಾಕ್ಟರಿಗೆ ತೋರಿಸಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಅಂಗಡಿಗೆ ತಂದರು. ಹದಿನೈದು ನಿಮಿಷದಲ್ಲಿ ಕಡ್ಡಿ ಬದಲಾಯಿಸಿದೆ. ಎಡರೆಕ್ಕೆ ಆವತ್ತೇ ಪೂರ್ತಿ ಏಳುತ್ತಿತ್ತು. ಮಗಳು ಅದನ್ನು ಮತ್ತೆ ಕಿಟಕಿಯ ಕಟ್ಟೆಗೆ ಇಟ್ಟ ಮೇಲೂ ನಾನು ಏಳಿಸಲಿಲ್ಲ. ಪ್ರತಿದಿನ 5.40ಕ್ಕೆ ಕಂಬದ ಕೆಳಗೆ ನಿಂತು, ಅಜ್ಜಿಯ ಕೈ ಎಲ್ಲಿಗೆ ಬರುತ್ತದೋ ಅದಕ್ಕಿಂತ ಒಂದು ಬೆರಳು ಮೇಲಕ್ಕೆ ಮಾತ್ರ ಎತ್ತಿದೆ. ರಿಮೋಟನ್ನು ಮಗಳಿಗೇ ಕೊಡಬಹುದಿತ್ತಲ್ಲ ಎಂದು ತಾವು ಕೇಳಿದಿರಿ. ಆಕೆಯ ಎರಡೂ ಕೈ ಅಮ್ಮನ ಮೊಣಕೈ ಕೆಳಗಿರುತ್ತವೆ.

4ನೇ ತಾರೀಕು ಕೈ ಕುರ್ಚಿಯ ತೋಳಿಗೆ ಬಂತು. 5ರಂದು ಮೈದಾನದಲ್ಲಿ ಹಕ್ಕಿ ಹಾರಿಸುವ ಸ್ಪರ್ಧೆ ಇತ್ತು. ಹಕ್ಕಿಗೆ ಹುಷಾರಿಲ್ಲ ಎಂದೆ, ಉಳಿದ ಐದೂ ಜನ ಬಿದ್ದು ಬಿದ್ದು ನಕ್ಕರು. 6ಕ್ಕೆ ಕಿಟಕಿಯ ಮೊದಲ ಅಡ್ಡಸರಳು. ನಿನ್ನೆ, 8ಕ್ಕೆ, ಎರಡನೇ ಸರಳು. ಹಿಡಿದುಕೊಂಡೇ ಇದ್ದರು, ಎಣಿಸಿದೆ, ಆರು ಸೆಕೆಂಡ್. ಏ ಸೋಮಾರಿ, ನಾನು ಎತ್ತಿಲ್ಲವಾ, ನೀನೂ ಎತ್ತು ಎಂದು ಹಕ್ಕಿಗೆ ಬೈದರು. ಬೈಸಿಕೊಂಡವನು ನಾನು; ಎತ್ತಿದೆ.

ಎದುರು ಮನೆಯ ನಿವೃತ್ತ ಗುಮಾಸ್ತರ ದೂರಿನಲ್ಲಿ ಸುಳ್ಳಿಲ್ಲ. ನಾನು ನಿಂತದ್ದು ನಿಜ, ಕಿಟಕಿ ನೋಡಿದ್ದು ನಿಜ, ಆ ಹೆಂಗಸಿನ ಕೈಯಿಂದ ಮೂರು ದಿನಕ್ಕೊಮ್ಮೆ ಪೊಟ್ಟಣ ತೆಗೆದುಕೊಂಡದ್ದೂ ನಿಜ. ಪೊಟ್ಟಣದಲ್ಲಿದ್ದದ್ದು ಚಾರ್ಜು ಮುಗಿದ ಬ್ಯಾಟರಿ. ಅವರ ಜಾಗದಲ್ಲಿ ನಾನಿದ್ದರೂ ದೂರು ಬರೆಯುತ್ತಿದ್ದೆ, ಅಕ್ಷರ ಅಷ್ಟು ಚೆಂದ ಇರುತ್ತಿರಲಿಲ್ಲ.

ಇವತ್ತು 4.35ಕ್ಕೆ ನನ್ನನ್ನು ಅಂಗಡಿಯಿಂದ ಕರೆತಂದರು. ಈಗ ಗೋಡೆ ಗಡಿಯಾರದಲ್ಲಿ 5.26. ರಿಮೋಟು ತಮ್ಮ ಮೇಜಿನ ಮೇಲಿದೆ. ಅಜ್ಜಿ ಐದೂವರೆಗೇ ಕುರ್ಚಿಯನ್ನು ಕಿಟಕಿಗೆ ತಿರುಗಿಸಿಕೊಳ್ಳುತ್ತಾರೆ. ಇವತ್ತು ಹಕ್ಕಿ ಏಳದಿದ್ದರೆ ಸತ್ತಿತೆಂದೇ ತಿಳಿಯುತ್ತಾರೆ, ಕೈಯನ್ನೂ ಬಿಟ್ಟುಬಿಡುತ್ತಾರೆ. ನನ್ನನ್ನು ಇಟ್ಟುಕೊಳ್ಳುವುದಾದರೆ ಪೇದೆಯವರನ್ನಾದರೂ ಕಳಿಸಿ; ರಿಮೋಟಿನ ಎಡಗಡೆಯ ಕಡ್ಡಿ, ನಿಧಾನಕ್ಕೆ. ಈ ಹೇಳಿಕೆಯನ್ನು ಆ ಮನೆಯಲ್ಲಿ ಓದಬಾರದು.

ಹೇಳಿದ್ದನ್ನು ಓದಿಸಿ ಕೇಳಿದ್ದೇನೆ, ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ. ಯಾರಿಗೆ ಏನು ಸಿಕ್ಕಿತು ಎಂದರೆ: ಅಜ್ಜಿಗೆ ಎರಡು ಸರಳು. ಮಗಳ ಪಾಲಿನ ಬೈಗುಳ ಅರ್ಧಕ್ಕಿಳಿದಿದೆ, ಮಿಕ್ಕರ್ಧ ಹಕ್ಕಿಗೆ. ಗುಮಾಸ್ತರಿಗೆ ನೆಮ್ಮದಿ. ಠಾಣೆಗೆ ಒಂದು ರಿಮೋಟು. ನನಗೆ ಇನ್ನೂ ಏನೂ ಇಲ್ಲ. ಮೂರನೇ ಸರಳು ಬಂದರೆ ಅದು ನನ್ನದು.

ಸ್ಥಳ: ಠಾಣೆ. ತಾರೀಕು: 9.
(ಸಹಿ)

ಷರಾ: ರಿಮೋಟು ವಾಪಸ್ ಕೊಟ್ಟಿದೆ. 5.31ಕ್ಕೆ ಹೇಳಿಕೆದಾರರನ್ನು ಕಂಬದವರೆಗೆ ಜೀಪಿನಲ್ಲೇ ಬಿಡಲು ಹೇಳಿದೆ.